ಬೋ ಟೈ ಮತ್ತು ರುಮಾಲು: ಗಂಡಸರ ದಿನದ ಉಡುಪಿಗೆ ನಿಜಕ್ಕೂ ಮರಳುವುದು ಯಾವುದು?

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಪ್ರಬಂಧವಾಗಿ ಕೊಡುವಾಗ ಉಪಶೀರ್ಷಿಕೆಗಳನ್ನು ಸೇರಿಸಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಧ್ವನಿ ಎಲ್ಲರಿಗೂ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೇನೆ. ಮಧ್ಯದಲ್ಲಿ ಕರೆಂಟ್ ಹೋದರೆ ಫೋನಿಂದ ಮತ್ತೆ ಸೇರಿಕೊಳ್ತೇನೆ.

ನನಗೆ ಬಂದ ಪ್ರಶ್ನೆ ಚಿಕ್ಕದು. ಬೋ ಟೈ ಗಂಡಸರ ದಿನನಿತ್ಯದ ಉಡುಪಿಗೆ ಮರಳಿ ಬರುತ್ತಿದೆಯೇ? ಉತ್ತರ ಇನ್ನೂ ಚಿಕ್ಕದು: ನಮ್ಮ ಕಡೆ ಇಲ್ಲ. ಆದರೆ ಆ "ಇಲ್ಲ" ಅನ್ನೋದನ್ನು ಯಾವ ಆಧಾರದ ಮೇಲೆ ಹೇಳಬೇಕು ಅಂತ ಯೋಚಿಸುತ್ತಾ ಹೋದಾಗ, ನಮ್ಮಲ್ಲೇ ಇರುವ ಇನ್ನೊಂದು ಬಟ್ಟೆಯ ಬಗ್ಗೆ ಇದೇ ಪ್ರಶ್ನೆ ಕೇಳಬೇಕಾಗುತ್ತೆ ಅನ್ನಿಸಿತು. ಅದು ರುಮಾಲು. "ಪೇಟ ಮತ್ತೆ ಫ್ಯಾಷನ್ ಆಗಿದೆ, ಪಂಚೆ ಮತ್ತೆ ಬಂದಿದೆ" ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತು ಎಷ್ಟು ನಿಜ? ಇವತ್ತು ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ತೇನೆ.

ಎಲ್ಲಿಂದ ಮಾತಾಡುತ್ತಿದ್ದೇನೆ

ನಾನಿರುವುದು ಮಾಧವರಂನಲ್ಲಿ. ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚು, ಮಂತ್ರಾಲಯ ಮಂಡಲ. ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ. ಆದವಾನಿ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಮೊದಲಾದವು ಮೈಸೂರಿಗೆ ಸೇರಿದವು. ಗಡಿ ಎಳೆದಾಗ ಕಚೇರಿಯ ಭಾಷೆ ಬೇರೆ ಆಯ್ತು, ಪಠ್ಯಪುಸ್ತಕ ಬೇರೆ ಆಯ್ತು. ತಲೆಗೆ ಸುತ್ತುವ ಬಟ್ಟೆ ಬೇರೆ ಆಗಲಿಲ್ಲ. ಮನೆಯಲ್ಲಿ ಅದಕ್ಕೆ ರುಮಾಲು ಅಂತೀವಿ, ಪಕ್ಕದ ತೆಲುಗಿನವರು ತಲಪಾಗ ಅಂತಾರೆ. ಅದೇ ಬಟ್ಟೆ, ಅದೇ ಸುತ್ತು.

ಈ ಪದವನ್ನೇ ಸ್ವಲ್ಪ ನೋಡಿ. ರುಮಾಲು ಪಾರಸಿಯಿಂದ ಬಂದದ್ದು. ರೂ ಅಂದರೆ ಮುಖ, ಮಾಲ್ ಅಂದರೆ ಒರೆಸುವುದು. ಹಿಂದಿಯಲ್ಲಿ ಇವತ್ತಿಗೂ ರೂಮಾಲ್ ಅಂದರೆ ಕರವಸ್ತ್ರ, ಜೇಬಲ್ಲಿ ಮಡಚಿ ಇಟ್ಟುಕೊಳ್ಳೋದು. ನಮ್ಮ ಕನ್ನಡದಲ್ಲಿ ಅದು ಮುಖ ಬಿಟ್ಟು ತಲೆಗೇರಿತು. ಇದರ ಜೊತೆಗೆ ಪೇಟ, ಪಟಗ, ಮುಂಡಾಸು, ಪಾಗು ಅನ್ನೋ ಮಾತುಗಳೂ ಇವೆ. ಒಂದೇ ವಸ್ತುವಿಗೆ ಇಷ್ಟು ಹೆಸರಿದ್ದರೆ ಅದನ್ನು ಬಹಳ ಥರದ ಜನ, ಬಹಳ ಥರದ ಕೆಲಸಕ್ಕೆ ಬಳಸಿದ್ದಾರೆ ಅಂತ ಅರ್ಥ.

ಬೋ ಟೈ ನಡೆದು ಬಂದ ದಾರಿ

ಮೊದಲು ಬೋ ಟೈ. ಅದರ ಮೂಲವೂ ಒಂದು ಸಾದಾ ಕೊರಳ ಬಟ್ಟೆಯೇ. 17ನೇ ಶತಮಾನದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಲು ಬಂದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಬಟ್ಟೆ ಸುತ್ತಿ ಗಂಟು ಹಾಕಿಕೊಳ್ಳುತ್ತಿದ್ದರು. ಅದನ್ನು ನೋಡಿ ಫ್ರೆಂಚರು ಕಲಿತರು. "ಕ್ರವಾಟ್" ಅನ್ನೋ ಹೆಸರೇ "ಕ್ರೊವಾಟ್" ಅನ್ನೋದರಿಂದ ಬಂದದ್ದು. ಆ ಸುತ್ತು ಬಟ್ಟೆಯ ಮೊಮ್ಮಕ್ಕಳು ಇಬ್ಬರು: ಒಂದು ಉದ್ದಕ್ಕೆ ಇಳಿಬೀಳುವ ಟೈ, ಇನ್ನೊಂದು ಚಿಟ್ಟೆ ಹಾಗೆ ಕೂರುವ ಬೋ ಟೈ. 19ನೇ ಶತಮಾನ ಮುಗಿಯುವ ಹೊತ್ತಿಗೆ ಆಫೀಸಿಗೆ ಹೋಗುವ ಗಂಡಸರಿಗೆ ಉದ್ದ ಟೈ ಅಂಟಿಕೊಂಡಿತು. ಬೋ ಟೈ ರಾತ್ರಿಯ ಔತಣದ ಕಪ್ಪು ಕೋಟಿನ ಜೊತೆ ಉಳಿಯಿತು.

ಪೂರ್ತಿ ಹೋಗಲಿಲ್ಲ, ಕೆಲವು ವೃತ್ತಿಗಳಲ್ಲಿ ಉಳಿಯಿತು. ವಿನ್‌ಸ್ಟನ್ ಚರ್ಚಿಲ್ ಅವರ ಚುಕ್ಕಿ ಬೋ ಟೈ ಎಲ್ಲರಿಗೂ ಗೊತ್ತು. ಹಳೆಯ ಪ್ರಾಧ್ಯಾಪಕರು, ವೈದ್ಯರು ಕಟ್ಟುತ್ತಿದ್ದರು. ವೈದ್ಯರಿಗೆ ಒಂದು ಕಾರಣವೂ ಇತ್ತು. ರೋಗಿಯ ಮೇಲೆ ಬಗ್ಗಿದಾಗ ಬೋ ಟೈ ಜೋತು ಬೀಳಲ್ಲ. 2004ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ 42 ವೈದ್ಯಸಿಬ್ಬಂದಿಯ ಟೈಗಳನ್ನು ಪರೀಕ್ಷಿಸಿದಾಗ ಅರ್ಧದಷ್ಟರಲ್ಲಿ ರೋಗಾಣುಗಳು ಸಿಕ್ಕವು. 2007ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ರೋಗಿಯನ್ನು ನೋಡುವಾಗ ಮೊಣಕೈ ಕೆಳಗೆ ಏನೂ ಬೇಡ, ಟೈಯೂ ಬೇಡ ಅನ್ನೋ ನಿಯಮ ಬಂತು. ಅಂದರೆ ಕೊರಳ ಬಟ್ಟೆಯ ಭವಿಷ್ಯ ಬರೀ ಫ್ಯಾಷನ್ ಪತ್ರಿಕೆಯಲ್ಲಿ ತೀರ್ಮಾನ ಆಗಲ್ಲ. ಕೆಲಸದ ಜಾಗದಲ್ಲಿ ಆಗುತ್ತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ರುಮಾಲಿಗೆ ಬಂದಾಗ ಬೇಕಾಗುತ್ತೆ.

ಭಾರತಕ್ಕೆ ಬಂದಾಗ ಬೋ ಟೈ ಯಾರ ಕೊರಳಿಗೆ ಬಿತ್ತು? ಸಾಹೇಬರ ಔತಣದಲ್ಲಿ ಕೂತವರಿಗೆ, ಮತ್ತು ಅದೇ ಔತಣದಲ್ಲಿ ಬಡಿಸಿದವರಿಗೆ. ಕೂತವರು ಎದ್ದು ಹೋದರು, ಬಡಿಸುವವರ ಕೊರಳಲ್ಲಿ ಅದು ಉಳಿಯಿತು. ದೊಡ್ಡ ಹೋಟೆಲಿನ ವೇಟರ್, ಬ್ಯಾಂಡ್ ಬಾರಿಸುವವರು, ಜಾದೂಗಾರ, ಆಮೇಲೆ ಮೊದಲ ಹುಟ್ಟುಹಬ್ಬದ ಮಗು. ಆ ಮಗುವಿನ ಬೋ ಟೈಗೆ ಹಿಂದೆ ಒಂದು ಎಲಾಸ್ಟಿಕ್ ಇರುತ್ತೆ. ನಮ್ಮ ಕಡೆ ಬಹಳ ಜನರಿಗೆ ಬೋ ಟೈ ಅಂದರೆ ಆ ಎಲಾಸ್ಟಿಕ್ಕೇ.

ಹಾಗಂತ ಕೊರಳ ಬಟ್ಟೆಯ ಶಿಸ್ತು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಆದವಾನಿ ಕೋರ್ಟಿನ ಹೊರಗೆ ನಿಂತರೆ ವಕೀಲರ ಬಿಳಿ ಬ್ಯಾಂಡ್ ಕಾಣುತ್ತೆ. ಅದನ್ನು ದಿನಾ ಕಟ್ಟಲೇಬೇಕು, ಬಾರ್ ಕೌನ್ಸಿಲ್ ನಿಯಮ. ಅದು ನಿಜವಾಗಿಯೂ ದಿನನಿತ್ಯದ್ದು, ಆದರೆ ಆಯ್ಕೆಯದ್ದಲ್ಲ. ಹಾಗಾಗಿ ಅದನ್ನು ಇವತ್ತಿನ ಲೆಕ್ಕದಿಂದ ಹೊರಗಿಡುತ್ತೇನೆ.

ಒಂದೇ ಮೈಮೇಲೆ ಎರಡೂ

ಬೋ ಟೈ ಮತ್ತು ರುಮಾಲನ್ನು ಯಾಕೆ ಹೋಲಿಸಬೇಕು, ಒಂದು ಕೊರಳಿನದು, ಒಂದು ತಲೆಯದು ಅಂತ ಕೇಳಬಹುದು. ಎರಡೂ ಮೂಲದಲ್ಲಿ ಹೊಲಿಗೆ ಇಲ್ಲದೆ ಸುತ್ತಿಕೊಳ್ಳುವ ಬಟ್ಟೆ. ಎರಡಕ್ಕೂ ಆಕಾರ ಬರೋದು ದರ್ಜಿಯ ಕೈಯಿಂದ ಅಲ್ಲ, ಕಟ್ಟಿಕೊಳ್ಳುವವನ ಕೈಯಿಂದ. ಎರಡನ್ನೂ ಇನ್ನೊಬ್ಬರನ್ನು ನೋಡಿ ಕಲಿಯಬೇಕು. ಮತ್ತು ಎರಡಕ್ಕೂ ಆಮೇಲೆ "ಮೊದಲೇ ಕಟ್ಟಿಟ್ಟ" ರೂಪ ಬಂತು: ಬೋ ಟೈಗೆ ಕ್ಲಿಪ್ಪು, ಎಲಾಸ್ಟಿಕ್ಕು, ರುಮಾಲಿಗೆ ಟೋಪಿ ಹಾಗೆ ಎತ್ತಿ ಇಡುವ ರೆಡಿ ಪೇಟ.

ಪೇಟವೂ ಪಾಶ್ಚಾತ್ಯ ಕೊರಳ ಬಟ್ಟೆಯೂ ಒಂದೇ ಮೈಮೇಲೆ ಕೂತ ಕಾಲವೂ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರ ಯಾವ ಶಾಲೆಯ ಗೋಡೆಯ ಮೇಲಿಲ್ಲ? ತಲೆಯ ಮೇಲೆ ಮೈಸೂರು ಪೇಟ, ಕೆಳಗೆ ಕೋಟು, ಕಾಲರ್, ಟೈ. 1912ರಿಂದ 1918ರವರೆಗೆ ದಿವಾನರಾಗಿದ್ದವರು, 1955ರಲ್ಲಿ ಭಾರತರತ್ನ ಪಡೆದವರು, ಆ ಉಡುಪನ್ನು ಅವರು ಸಮಾರಂಭಕ್ಕೆ ಅಂತ ಹಾಕಿಕೊಂಡದ್ದಲ್ಲ. ಅದು ಅವರ ಕೆಲಸದ ಬಟ್ಟೆ. 1930ರಲ್ಲಿ ನೊಬೆಲ್ ಪಡೆದ ಸಿ. ವಿ. ರಾಮನ್ ಅವರೂ ಕೋಟಿನ ಮೇಲೆ ಪೇಟ ಕಟ್ಟಿದವರೇ. ಆ ಪೀಳಿಗೆಗೆ "ನಮ್ಮದು", "ಅವರದು" ಅನ್ನೋದು ಕತ್ತಿನ ಹತ್ತಿರ ಗಡಿ ಹಾಕಿಕೊಂಡು ಕೂತಿತ್ತು, ಜಗಳ ಇರಲಿಲ್ಲ.

ಇನ್ನೊಂದು ವ್ಯತ್ಯಾಸ ಹೇಳಬೇಕು. ಯುರೋಪಿನಲ್ಲಿ ಗೌರವಕ್ಕೆ ಹ್ಯಾಟ್ ತೆಗೀತಾರೆ, ಬೂಟು ಇರುತ್ತೆ. ನಮ್ಮಲ್ಲಿ ಚಪ್ಪಲಿ ಬಿಡ್ತಾರೆ, ರುಮಾಲು ಇರುತ್ತೆ. ಮಂತ್ರಾಲಯದಲ್ಲಿ ಜನ ಹೇಳುವ ಥಾಮಸ್ ಮನ್ರೋ ಕತೆಯಲ್ಲಿ ಅವನು ಮಠದೊಳಗೆ ಬರುವಾಗ ಹ್ಯಾಟನ್ನೂ ತೆಗೀತಾನೆ, ಬೂಟನ್ನೂ ಬಿಡ್ತಾನೆ. ಹೇಳುವವರು ಎರಡೂ ಸಂಸ್ಕೃತಿಯ ಗೌರವವನ್ನು ಅವನ ಕೈಲಿ ಮಾಡಿಸಿದ್ದಾರೆ ಅಂತ ನನಗನ್ನಿಸುತ್ತೆ. ತಲೆಯ ಬಟ್ಟೆ ಅನ್ನೋದು ಮರ್ಯಾದೆಯ ವಿಷಯ ಅಂತ ಕತೆ ಕಟ್ಟಿದ ಜನಕ್ಕೆ ಚೆನ್ನಾಗಿ ಗೊತ್ತಿತ್ತು.

ರುಮಾಲು ಯಾಕೆ ಇಳಿಯಿತು

ಒಂದೇ ಕಾರಣ ಅಲ್ಲ. ಜುಟ್ಟು ಹೋಗಿ ಕ್ರಾಪು ಬಂತು. ತಲೆಯನ್ನು ತೋರಿಸುವುದೇ ಒಂದು ಅಲಂಕಾರ ಆಯ್ತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗಾಂಧಿ ಟೋಪಿ ಬಂತು. ಹಲವು ಗಜ ಬಟ್ಟೆಯ ಜಾಗದಲ್ಲಿ ಒಂದು ಸಣ್ಣ ತುಂಡು ಸಾಕಾಯ್ತು, ಕಟ್ಟಲು ಕಲಿಯುವ ಅಗತ್ಯವೂ ಇರಲಿಲ್ಲ. ಶಾಲೆಯಲ್ಲಿ ಹುಡುಗರು ಬರಿತಲೆಯಲ್ಲಿ ಕೂತರು. ಹಾಗೆ ಕೂತು ದೊಡ್ಡವರಾದವರಿಗೆ ಆಮೇಲೆ ಅದು ಬರಲಿಲ್ಲ.

ಕೊನೆಗೆ ಬಂದದ್ದು ಬೈಕು. ರುಮಾಲಿನ ಮೇಲೆ ಹೆಲ್ಮೆಟ್ ಕೂರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಪೇಟ ಕಟ್ಟಿದ ಸಿಖ್ಖರಿಗೆ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಡುತ್ತೆ, ನಮ್ಮ ರೈತನಿಗೆ ಕೊಡಲ್ಲ. ಕೊಡಬೇಕು ಅಂತ ನಾನು ವಾದ ಮಾಡ್ತಿಲ್ಲ, ತಲೆ ಉಳಿಯೋದು ಮುಖ್ಯ. ಹೊಲಕ್ಕೆ, ಸಂತೆಗೆ, ಆದವಾನಿಯ ಹತ್ತಿ ಮಾರುಕಟ್ಟೆಗೆ ಎಲ್ಲದಕ್ಕೂ ಬೈಕು ಹತ್ತುವ ಮನುಷ್ಯನಿಗೆ ರುಮಾಲು ಅಡ್ಡಿ ಅಂತಷ್ಟೇ ಹೇಳ್ತಿದ್ದೇನೆ. ಕೆಲಸದ ಜಾಗ ಬಟ್ಟೆಯನ್ನು ತೀರ್ಮಾನಿಸುತ್ತೆ ಅಂದೆನಲ್ಲ, ಅದು ಇದೇ.

ಮರಳಿ ಬಂದದ್ದು ಎಲ್ಲಿ?

ಮರಳಿ ಬಂದಿದೆ ಅನ್ನುವವರು ಮೂರು ಜಾಗ ತೋರಿಸ್ತಾರೆ.

ಮೊದಲನೆಯದು ಮದುವೆ. ಇವತ್ತಿನ ಮದುಮಗನನ್ನು ನೋಡಿ. ಸಂಜೆ ರಿಸೆಪ್ಷನ್ನಿಗೆ ಕಪ್ಪು ಕೋಟು, ಬೋ ಟೈ. ಬೆಳಿಗ್ಗೆ ಮುಹೂರ್ತಕ್ಕೆ ಪಂಚೆ, ಶಲ್ಯ, ಜರಿ ಪೇಟ. ಹನ್ನೆರಡು ಗಂಟೆಯೊಳಗೆ ಎರಡು ನಾಗರಿಕತೆ ಬಂದು ಹೋಗ್ತವೆ. ಆದರೆ ಬೋ ಟೈ ಕ್ಲಿಪ್ಪಿನದು, ಪೇಟ ರೆಡಿಮೇಡು, ಎಷ್ಟೋ ಸಲ ಎರಡೂ ಬಾಡಿಗೆಯವು. ಎರಡರಲ್ಲಿ ಒಂದನ್ನೂ ಅವನು ತನ್ನ ಕೈಯಿಂದ ಕಟ್ಟಿಕೊಂಡಿರಲ್ಲ.

ಎರಡನೆಯದು ಸನ್ಮಾನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಪೇಟ ತಲೆಯ ಮೇಲೆ ಇರುವುದು ಫೋಟೋ ಮುಗಿಯುವವರೆಗೆ. ಆಮೇಲೆ ಪಕ್ಕದ ಕುರ್ಚಿಗೆ, ಅಲ್ಲಿಂದ ಮನೆಯ ಶೋಕೇಸಿಗೆ. ತಲೆಯ ಅಳತೆ ನೋಡಿ ಕೊಡೋ ಪದ್ಧತಿ ಇಲ್ಲ, ಹಾಗಾಗಿ ಕೆಲವರಿಗೆ ಕಣ್ಣಿನವರೆಗೆ ಇಳಿಯುತ್ತೆ, ಕೆಲವರಿಗೆ ನೆತ್ತಿ ಮೇಲೆ ನಿಲ್ಲುತ್ತೆ. ನಗಬೇಡಿ, ನಮ್ಮ ವಿಭಾಗದ ಆಲ್ಬಮ್ಮಿನಲ್ಲೂ ಇಂಥ ಫೋಟೋ ಇವೆ.

ಮೂರನೆಯದು ಕಾಲೇಜಿನ "ಎಥ್ನಿಕ್ ಡೇ". ಒಂದು ದಿನ ಹುಡುಗರೆಲ್ಲ ಪಂಚೆ, ಪೇಟ, ಕೂಲಿಂಗ್ ಗ್ಲಾಸು. ಮಾರನೇ ದಿನ ಜೀನ್ಸು. ವರ್ಷದಲ್ಲಿ ಒಂದು ದಿನ ಹಾಕುವುದನ್ನು "ದಿನನಿತ್ಯ" ಅನ್ನೋಕಾಗಲ್ಲ. ಆ ದಿನಕ್ಕೆ ಹೆಸರು ಕೊಟ್ಟದ್ದರಿಂದಲೇ ಉಳಿದ 364 ದಿನ ಅದಕ್ಕೆ ಜಾಗ ಇಲ್ಲ ಅಂತ ಒಪ್ಪಿಕೊಂಡ ಹಾಗಾಯ್ತು.

ಮೂರು ಪ್ರಶ್ನೆ

ಹಾಗಾದರೆ ಒಂದು ಉಡುಪು ನಿಜಕ್ಕೂ ದಿನದ ಬಳಕೆಗೆ ಬಂದಿದೆ ಅಂತ ಗುರುತಿಸೋದು ಹೇಗೆ? ಮಾರಾಟದ ಅಂಕಿ ಸಾಲದು, ಫೋಟೋ ಸಾಲದು. ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಂದು, ಅದನ್ನು ಯಾರು ಕಟ್ಟುತ್ತಾರೆ? ಎರಡು, ಯಾವ ಕೆಲಸಕ್ಕೆ ಹೋಗುವಾಗ ಹಾಕಿಕೊಳ್ಳುತ್ತಾರೆ? ಮೂರು, ಅದು ಕೊಳೆಯಾಗುತ್ತಾ, ಆದರೆ ಯಾರು ಒಗೀತಾರೆ?

ಮೂರನೆಯ ಪ್ರಶ್ನೆ ತಮಾಷೆ ಅನ್ನಿಸಬಹುದು. ಆದರೆ ದಿನಾ ಹಾಕುವ ಬಟ್ಟೆ ಅಂದರೆ ಬೆವರು ಹೀರುವ ಬಟ್ಟೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತೆ. ರುಮಾಲು ಆ ಬಿಸಿಲಿಗೆ ಮಾಡಿಕೊಂಡ ಉಪಾಯ. ಬಿಸಿಲಿಗೆ ನೆರಳು, ಮಲಗಿದರೆ ತಲೆದಿಂಬು, ಬುತ್ತಿ ಕಟ್ಟಲು ಗಂಟು, ಬಾವಿಗೆ ಹಗ್ಗ ಸಾಲದಿದ್ದರೆ ಅದಕ್ಕೊಂದು ಸೇರಿಕೆ. ಅಷ್ಟು ಕೆಲಸ ಮಾಡಿದ ಬಟ್ಟೆಯನ್ನು ಬೆಳ್ಳಗೆ ಇಟ್ಟವರು ಮನೆಯ ಹೆಂಗಸರು, ಊರಿನ ಮಡಿವಾಳರು. ನೀಲಿ ಹಾಕಿ, ಹಿಂಡಿ, ಉದ್ದಕ್ಕೆ ಇಬ್ಬರು ಹಿಡಿದು ಒಣಗಿಸಬೇಕು. "ಆ ಕಾಲದ ಗಂಡಸರ ಗತ್ತು" ಅಂತ ನಾವು ನೆನೆಸಿಕೊಳ್ಳುವಾಗ ಆ ಗತ್ತನ್ನು ಒಗೆದವರನ್ನು ಮರೀತೇವೆ. ರುಮಾಲು ಮರಳಬೇಕು ಅನ್ನುವವರು ಆ ಕೆಲಸವೂ ಮರಳುತ್ತೆ ಅನ್ನೋದನ್ನು ಲೆಕ್ಕಕ್ಕೆ ತಗೋಬೇಕು.

ಈಗ ಮೂರು ಪ್ರಶ್ನೆ ಹಾಕಿ ನೋಡೋಣ. ಬೋ ಟೈ: ಕಟ್ಟುವವರು ಇಲ್ಲ, ಕ್ಲಿಪ್ಪು, ಹೋಟೆಲಿನ ಸಿಬ್ಬಂದಿ ಬಿಟ್ಟರೆ ಯಾವ ಕೆಲಸಕ್ಕೂ ಇಲ್ಲ, ಒಗೆಯೋ ಮಾತೇ ಇಲ್ಲ. ರೆಡಿ ಪೇಟ: ಮೂರಕ್ಕೂ ಇಲ್ಲ. ಒಗೆದರೆ ಒಳಗಿನ ಅಚ್ಚು ಕೆಡುತ್ತೆ.

ಪಂಚೆ: ಇಲ್ಲಿ ಉತ್ತರ ಬೇರೆ. ವೆಲ್ಕ್ರೋ ಅಂಟಿಸುವ ಪಂಚೆ, ಜೇಬಿರುವ ಪಂಚೆ ಅಂಗಡಿಗೆ ಬಂದಿವೆ. ಕಟ್ಟುವ ಕೈ ಅಲ್ಲೂ ಕಡಿಮೆ ಆಗಿದೆ. ಆದರೂ ಮಂತ್ರಾಲಯದ ಹತ್ತಿರ ಇರುವ ನಮಗೆ ಗೊತ್ತು, ಮಠದಲ್ಲಿ ಸೇವೆಗೆ ನಿಲ್ಲುವವರು ಉಡ್ತಾರೆ. ಮನೆಗೆ ಬಂದು ಪ್ಯಾಂಟು ಬಿಚ್ಚಿ ಪಂಚೆ ಅಥವಾ ಲುಂಗಿ ಸುತ್ತುವ ಗಂಡಸರು ಪ್ರತಿ ಬೀದಿಯಲ್ಲಿದ್ದಾರೆ. ಅದು ಒಗೆಯುವ ಬಟ್ಟೆ. ಪಂಚೆ ಮರಳಿ ಬರಲಿಲ್ಲ, ಅದು ಹೋಗಿರಲೇ ಇಲ್ಲ. ಬೀದಿಯಿಂದ ಮನೆಯೊಳಗೆ ಸರಿದಿತ್ತು, ಈಗ ಸ್ವಲ್ಪ ಹೊರಗೆ ಇಣುಕುತ್ತಿದೆ.

ಇನ್ನೊಂದು ಬಟ್ಟೆ ಇದೆ, ಅದನ್ನು ಯಾರೂ ಫ್ಯಾಷನ್ ಅನ್ನಲ್ಲ. ಟವೆಲ್ಲು. ನಮ್ಮ ರೈತರ, ಹಮಾಲರ, ಆಟೋದವರ ಹೆಗಲ ಮೇಲಿನ ಟವೆಲ್ಲು. ಬಿಸಿಲೇರಿದರೆ ತಲೆಗೆ, ಇಳಿದರೆ ಕೊರಳಿಗೆ, ಬಸ್ಸಿನಲ್ಲಿ ಸೀಟು ಹಿಡಿಯಲು ಕಿಟಕಿಗೆ. ಕಟ್ಟುವವನು ಅವನೇ, ಹಾಕೋದು ಕೆಲಸಕ್ಕೆ, ಒಗೆಯೋದು ದಿನಾ. ಮೂರು ಪ್ರಶ್ನೆಯಲ್ಲೂ ಪಾಸು. ನನ್ನ ವಾದದ ಮುಖ್ಯ ಮಾತು ಇದು: ರುಮಾಲು ಕಾಣೆಯಾಗಿಲ್ಲ, ಚಿಕ್ಕದಾಗಿ ಟವೆಲ್ ಆಗಿದೆ. ಅದರ ಹೆಸರು ಮತ್ತು ಜರಿ ವೇದಿಕೆಗೆ ಹೋದವು, ಅದರ ಕೆಲಸ ಹೆಗಲ ಮೇಲೆ ಉಳಿಯಿತು. ನಾವು "ಮರಳಿ ಬಂತು" ಅಂತ ಸಂಭ್ರಮ ಪಡ್ತಿರೋದು ವೇದಿಕೆಗೆ ಹೋದ ಭಾಗದ ಬಗ್ಗೆ.

ಯಾರ ರುಮಾಲು, ಯಾವ ಬಾಗಿಲು

ಇಲ್ಲಿಯವರೆಗೆ ಬಟ್ಟೆಯ ಮಾತಾಯ್ತು. ಈಗ ಜನರ ಮಾತು, ಯಾಕಂದ್ರೆ ಈ ವಿಷಯದಲ್ಲಿ ನಿಜವಾದ ತೂಕ ಇರೋದು ಇಲ್ಲೇ.

"ನಮ್ಮ ಸಂಪ್ರದಾಯದ ಪೇಟ" ಅಂದಾಗ ಆ "ನಮ್ಮ" ಯಾರು? ತಲೆಯ ಬಟ್ಟೆ ಜಾತಿ ಹೇಳುತ್ತಿತ್ತು. ಅಂಬೇಡ್ಕರ್ ಅವರು 1936ರಲ್ಲಿ ಪ್ರಕಟಿಸಿದ ಜಾತಿ ವಿನಾಶದ ಭಾಷಣದಲ್ಲಿ, 1928ರ ಪತ್ರಿಕಾ ವರದಿಯೊಂದನ್ನು ಆಧರಿಸಿ ಇಂದೋರ್ ಭಾಗದ ಬಲಾಯಿ ಜನರ ಮೇಲೆ ಸವರ್ಣೀಯರು ಹೇರಿದ ಕಟ್ಟಳೆಗಳನ್ನು ಕೊಡುತ್ತಾರೆ. ಅದರಲ್ಲಿ ಮೊದಲಿಗೇ ಬರುವುದು ಜರಿ ಅಂಚಿನ ಪೇಟ ಕಟ್ಟಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು ಅನ್ನೋದು. ಇದು ಬರೀ ಇಂದೋರಿನ ಕತೆ ಅಂತ ಯಾರೂ ಅಂದುಕೊಳ್ಳಬಾರದು. ಯಾರು ಯಾರ ಮುಂದೆ ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು ಅನ್ನೋದು ದಕ್ಷಿಣದ ಹಳ್ಳಿಗಳಿಗೂ ಗೊತ್ತಿದ್ದ ನಿಯಮ.

ಈ ಹಿನ್ನೆಲೆಯಲ್ಲಿ ಊರೂರಲ್ಲಿ ನಿಂತ ಅಂಬೇಡ್ಕರ್ ಪ್ರತಿಮೆ ನೋಡಿ. ನೀಲಿ ಕೋಟು, ಕೊರಳಲ್ಲಿ ಟೈ. ಪೇಟ ಯಾರಿಗೆ ನಿಷೇಧ ಆಗಿತ್ತೋ ಅವರಿಗೆ ಟೈ ಪರದೇಶದ ಅನುಕರಣೆ ಅಲ್ಲ. ಯಾರ ಅಪ್ಪಣೆಯೂ ಬೇಕಿಲ್ಲದೆ ಕೊರಳಿಗೆ ಕಟ್ಟಿಕೊಳ್ಳಬಹುದಾದ ಮೊದಲ ಬಟ್ಟೆ ಅದು. ಹಾಗಾಗಿ "ಟೈ ಬಿಡಿ, ಪೇಟ ಕಟ್ಟಿ" ಅನ್ನೋ ಘೋಷಣೆ ಎಲ್ಲರ ಕಿವಿಗೂ ಒಂದೇ ಥರ ಕೇಳಿಸಲ್ಲ.

ಈಗ ಬಾಗಿಲಿನ ವಿಷಯ. 2014ರ ಜುಲೈಯಲ್ಲಿ ಪಂಚೆ ಉಟ್ಟಿದ್ದಕ್ಕೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನೇ ಚೆನ್ನೈನ ಒಂದು ಕ್ಲಬ್ಬಿನವರು ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು, ಸಾರ್ವಜನಿಕ ಜಾಗಗಳಲ್ಲಿ ಪಂಚೆ ಉಟ್ಟವರನ್ನು ತಡೆಯಬಾರದು ಅಂತ ಕಾಯ್ದೆ ಮಾಡಿತು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆ ಅಂತ ಒಬ್ಬ ರೈತರನ್ನು ತಡೆದರು. ಅದೇ ವರ್ಷ ಜುಲೈಯಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಬೆಂಗಳೂರಿನ ಒಂದು ಮಾಲಿನ ಬಾಗಿಲಲ್ಲಿ ನಿಲ್ಲಿಸಿದರು. ವಿಧಾನಸಭೆಯಲ್ಲಿ ಗಲಾಟೆ ಆಯ್ತು, ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸುವುದಾಗಿ ಹೇಳಿತು.

ಅಂಥ ಮಾಲಿನೊಳಗಿನ ಬಟ್ಟೆ ಅಂಗಡಿಗಳಲ್ಲಿ ಹಬ್ಬದ ಸೀಸನ್ನಿಗೆ ಪಂಚೆ ಶಲ್ಯ ಹಾಕಿದ ಬೊಂಬೆ ನಿಂತಿರುತ್ತೆ. ಬೊಂಬೆಗೆ ಬಾಗಿಲಿಲ್ಲ. ದಿನದ ಉಡುಪಾಗಿ ಹಾಕಿಕೊಂಡವನಿಗೆ ಬಾಗಿಲು, ಒಂದು ದಿನದ ಅಲಂಕಾರವಾಗಿ ಹಾಕಿಕೊಂಡವನಿಗೆ ಸೆಲ್ಫಿ. ಹೀಗಿರುವಾಗ "ಮರಳಿ ಬಂದಿದೆ" ಅನ್ನೋದು ಯಾವ ಅರ್ಥದಲ್ಲಿ?

ನೇಯ್ದವರಿಗೆ ಏನು ಸಿಕ್ಕಿತು

ಕೊನೆಯದಾಗಿ ಮಗ್ಗದ ಮಾತು. ನಮ್ಮ ಪಕ್ಕದ ಎಮ್ಮಿಗನೂರಿನಲ್ಲಿ 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದರು. 1954ರಲ್ಲಿ, ಪದ್ಮ ಪ್ರಶಸ್ತಿಗಳು ಶುರುವಾದ ವರ್ಷವೇ, ಅವರಿಗೆ ಪದ್ಮಶ್ರೀ ಬಂತು. ಒಂದು ಊರು ಬರೀ ದಿನದ ಬಟ್ಟೆಯ ಮೇಲೆ ಬದುಕಬಹುದು ಅಂತ ತೋರಿಸಿದ ಸಂಘ ಅದು. 1985ರ ಕಾಯ್ದೆಯಲ್ಲಿ ಕೈಮಗ್ಗಕ್ಕೆ ಮೀಸಲಿಟ್ಟ 22 ಬಗೆಯ ಬಟ್ಟೆಗಳಲ್ಲಿ ಪಂಚೆಯೂ ಇತ್ತು. ಆ ಪಟ್ಟಿ ಈಗ 11ಕ್ಕೆ ಇಳಿದಿದೆ. 2019–20ರ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸದಲ್ಲಿರುವವರು ಸುಮಾರು 35 ಲಕ್ಷ, ಅದರಲ್ಲಿ ಹೆಚ್ಚಿನವರು ಹೆಂಗಸರು.

ಫ್ಯಾಷನ್ನಿನಲ್ಲಿ ಬಂದದ್ದು ಇವರಿಗೆ ತಲುಪುತ್ತಾ? ತೇಲಿಯಾ ರುಮಾಲ್ ಉದಾಹರಣೆ ತಗೊಳ್ಳಿ. ಎಣ್ಣೆಯಲ್ಲಿ ಹದ ಮಾಡಿದ ನೂಲಿನ ಇಕ್ಕತ್ ಚೌಕ. ಚೀರಾಲದಲ್ಲಿ ನೇಯ್ದದ್ದನ್ನು ಮೀನುಗಾರರು, ರೈತರು ತಲೆಗೆ ಕಟ್ಟುತ್ತಿದ್ದರು, ಅರಬ್ ದೇಶಗಳಿಗೂ ಹೋಗುತ್ತಿತ್ತು. ಇವತ್ತು ಅದನ್ನು ನೇಯುವ ತೆಲಂಗಾಣದ ಪುಟ್ಟಪಾಕದಲ್ಲಿ ಅದೇ ವಿನ್ಯಾಸ ಸೀರೆಯಾಗಿ, ದುಪಟ್ಟಾ ಆಗಿ ಬದುಕಿದೆ. ಇಕ್ಕತ್, ಕಲಂಕಾರಿ ಬಟ್ಟೆಯ ಬೋ ಟೈಗಳೂ ಈಗ ಸಿಗುತ್ತವೆ. ತಲೆಗೆ ಸುತ್ತಿದ್ದ ಬಟ್ಟೆ ಅಂಗೈಯಗಲ ಆಗಿ ಕೊರಳಿಗೆ ಬಂತು ಅನ್ನಬಹುದು. ಚೆಂದ ಇವೆ. ಆದರೆ ಒಂದು ಬೋ ಟೈಗೆ ಬೇಕಾಗುವ ಬಟ್ಟೆ ಎಷ್ಟು? ಒಂದು ರುಮಾಲಿನ ಬಟ್ಟೆಯಲ್ಲಿ ಹತ್ತಾರು ಬೋ ಟೈ ಆಗ್ತವೆ. ಮಗ್ಗ ನಡೆಯೋದು ಗಜದ ಲೆಕ್ಕದಲ್ಲಿ. ನೇಕಾರರಿಗೆ ಬೇಕಿರೋದು ಒಗೆದು ಒಗೆದು ಹರಿಯುವ, ಹರಿದ ಮೇಲೆ ಮತ್ತೆ ಕೊಳ್ಳುವ ಬಟ್ಟೆ. ಶೋಕೇಸಿನ ಪೇಟ ಹರಿಯಲ್ಲ, ಮತ್ತೆ ಕೊಳ್ಳೋದೂ ಇಲ್ಲ.

ಪ್ರಶ್ನೋತ್ತರದಿಂದ

ಚಾಟ್‌ನಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಉತ್ತರಿಸಿ ಮುಗಿಸ್ತೇನೆ.

ಒಬ್ಬ ಸಹಪಾಠಿ ಕೇಳಿದ್ದಾರೆ: "ರೈತ ಸಂಘದ ಹಸಿರು ಶಾಲನ್ನು ಎಲ್ಲಿ ಇಡ್ತೀರಿ?" ಒಳ್ಳೆಯ ಪ್ರಶ್ನೆ. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ ಮೇಲೆ ಹೆಗಲ ಮೇಲಿನ ಟವೆಲ್ಲಿಗೆ ಹಸಿರು ಬಣ್ಣ ಬಂತು, ಅದಕ್ಕೊಂದು ಮಾತೂ ಬಂತು. ಗಂಡಸರ ಕೊರಳ ಬಟ್ಟೆಯಲ್ಲಿ ನಮ್ಮ ಕಡೆ ಆದ ದೊಡ್ಡ ಬದಲಾವಣೆ ಅಂದರೆ ಇದೇ, ಬೋ ಟೈ ಅಲ್ಲ. ಆಮೇಲೆ ಬೇರೆ ಬೇರೆ ಬಣ್ಣದ ಶಾಲುಗಳೂ ಬಂದವು, ಅವೆಲ್ಲ ಗುರುತಿನ ಬಟ್ಟೆಗಳಾದವು. ಹಸಿರು ಶಾಲು ಮೂರು ಪ್ರಶ್ನೆಯಲ್ಲಿ ಎರಡರಲ್ಲಿ ಗೆಲ್ಲುತ್ತೆ: ಹಾಕಿಕೊಳ್ಳುವವನ ಕೈಯೇ ಹಾಕುತ್ತೆ, ಒಗೆದೂ ಒಗೀತಾರೆ. ಕೆಲಸಕ್ಕೆ ಹಾಕ್ತಾರಾ ಅನ್ನೋದು ಊರಿಂದ ಊರಿಗೆ ಬೇರೆ. ಹೊಲದಲ್ಲಿ ಸಾದಾ ಟವೆಲ್ಲು, ತಾಲ್ಲೂಕು ಕಚೇರಿಗೆ ಹೋಗುವಾಗ ಹಸಿರು.

ಎರಡನೆಯ ಪ್ರಶ್ನೆ ನಮ್ಮ ಗುರುಗಳದು: "ಹಾಗಾದರೆ ರೆಡಿ ಪೇಟ ಬೇಡವೇ?" ಬೇಡ ಅನ್ನಲ್ಲ, ಸರ್. ಸಮಾರಂಭಕ್ಕೂ ಬಟ್ಟೆ ಬೇಕು. ಮದುವೆ ದಿನ ಮದುಮಗ ಚೆನ್ನಾಗಿ ಕಾಣಲಿ, ಬೋ ಟೈಯೂ ಇರಲಿ. ನನ್ನ ತಕರಾರು ಸಮಾರಂಭವನ್ನು ದಿನನಿತ್ಯ ಅಂತ ಕರೆಯೋದರ ಬಗ್ಗೆ ಮಾತ್ರ. ಮುಂದಿನ ಎಥ್ನಿಕ್ ಡೇಗೆ ನನ್ನದೊಂದು ಸಲಹೆ ಇದೆ. ರೆಡಿ ಪೇಟ ಬಾಡಿಗೆ ತರುವ ಬದಲು ಸಾದಾ ಬಿಳಿ ಬಟ್ಟೆ ಕೊಂಡು, ಕಟ್ಟಲು ಬರುವ ಹಿರಿಯರನ್ನು ಊರಿಂದ ಕರೆಸೋಣ. ಯಾವ ಜಾತಿಯ ಸುತ್ತು ಅಂತ ಕೇಳದೆ ಎಲ್ಲರೂ ಎಲ್ಲ ಸುತ್ತನ್ನೂ ಕಲಿಯೋಣ, ಹುಡುಗಿಯರೂ ಸೇರಿ. ಸಂಜೆ ನಮ್ಮ ನಮ್ಮ ಬಟ್ಟೆ ನಾವೇ ಒಗೆಯೋಣ. ಬಂದ ಹಿರಿಯರಿಗೆ ಹೋಗಿ ಬರುವ ಖರ್ಚು, ಊಟ ವಿಭಾಗದಿಂದ ಕೊಡಬೇಕು. ಅದಕ್ಕೊಂದು ಅರ್ಜಿ ಬರೆದಿಟ್ಟಿದ್ದೇನೆ, ಒಪ್ಪುವವರು ಸಹಿ ಹಾಕಿ.

ಕರೆಂಟ್ ಹೋಗಲಿಲ್ಲ, ಅದಕ್ಕೆ ಧನ್ಯವಾದ. ಇನ್ನೂ ಪ್ರಶ್ನೆ ಇದ್ದರೆ ಮೈಕ್ ಆನ್ ಮಾಡಿ ಕೇಳಬಹುದು.